ಬೌಲ್ಡರ್ಸ್ ಬೀಚಿನ ಪೆಂಗ್ವಿನ್‌ಗಳೂ ಬೂತಾಯಿಯೂ

ಕೇಪ್‌ಟೌನ್‌ನಿಂದ ಬಂದ ಮೇಲೆ ಪೆಂಗ್ವಿನ್ ಫೋಟೊ ನೋಡಿದವರೆಲ್ಲ ಕೇಳಿದ್ದು ಒಂದೇ: ಮಂಜುಗಡ್ಡೆ ಎಲ್ಲಿ? ಮಂಗಳೂರು ದಕ್ಕೆಯಲ್ಲಿ ನಾವು ಯಾವಾಗಲೂ ಮೀನು ಕೊಳ್ಳುವ ಅಕ್ಕ ಮಾತ್ರ ಬೇರೆ ಕೇಳಿದರು. "ಇವು ಎಂಥ ತಿನ್ನುದು?"

"ಬೂತಾಯಿಯಂಥದ್ದೇ" ಎಂದೆ. ಸಾರ್ಡೀನ್ ಜಾತಿಯ ನಮ್ಮ ಸಣ್ಣ ಮೀನು ಅದು.

"ಹಾಗಾದ್ರೆ ಅವಕ್ಕೂ ಕಷ್ಟ ಉಂಟು."

ಕೇಪ್‌ಟೌನ್ ಬಳಿಯ ಸೈಮನ್ಸ್ ಟೌನಿನ ಬೌಲ್ಡರ್ಸ್ ಬೀಚಿನಲ್ಲಿ ಮಂಜಿಲ್ಲ. ದೊಡ್ಡ ದೊಡ್ಡ ಬಂಡೆ, ಬಿಳಿ ಮರಳು, ಬೆನ್ನಿಗೇ ಜನರ ಮನೆಗಳು. 1982ರಲ್ಲಿ ಎರಡೇ ಜೋಡಿ ಆಫ್ರಿಕನ್ ಪೆಂಗ್ವಿನ್‌ಗಳು ಇಲ್ಲಿ ಗೂಡು ಕಟ್ಟಿದವು. ಎದುರಿನ ಫಾಲ್ಸ್ ಬೇ ಕೊಲ್ಲಿಯಲ್ಲಿ ಪರ್ಸೀನ್ ಮೀನುಗಾರಿಕೆಗೆ, ಅಂದರೆ ಮೀನಿನ ಹಿಂಡನ್ನೇ ಸುತ್ತುವರಿದು ಎಳೆಯುವ ದೊಡ್ಡ ಬಲೆಗೆ, ತಡೆ ಬಿದ್ದದ್ದೂ ಆ ಕಾಲದಲ್ಲೇ. ಹೊಟ್ಟೆಗೆ ಮೀನು ಸಿಕ್ಕಿತು, ಎರಡು ಜೋಡಿ ಸಾವಿರಾರು ಹಕ್ಕಿಗಳಾದವು. ನಮ್ಮ ಕರಾವಳಿಯಲ್ಲಿ ನಡೆದದ್ದು ತಿರುಗುಮುರುಗು: 1970ರ ದಶಕದ ನಡುವೆ ಪರ್ಸೀನ್ ಬಂತು, ದಡದಿಂದ ಊರವರೆಲ್ಲ ಸೇರಿ ಎಳೆಯುತ್ತಿದ್ದ ರಾಂಪಣಿ ಬಲೆ ಮೂಲೆ ಸೇರಿತು.

ಆದರೆ ಪೆಂಗ್ವಿನ್‌ಗಳ ಸಂಕಟ ಅದಕ್ಕೂ ಹಳೆಯದು. ದಕ್ಷಿಣ ಆಫ್ರಿಕಾದ ಕರಾವಳಿಯ ದ್ವೀಪಗಳಲ್ಲಿ ಆಳೆತ್ತರ ಬಿದ್ದಿದ್ದ ಹಕ್ಕಿ ಹಿಕ್ಕೆಯಲ್ಲೇ ಅವು ಬಿಲ ತೋಡಿ ಮೊಟ್ಟೆ ಇಡುತ್ತಿದ್ದವು. 19ನೇ ಶತಮಾನದಲ್ಲಿ ಆ ಹಿಕ್ಕೆಯನ್ನು ಗೊಬ್ಬರಕ್ಕೆಂದು ಕೆರೆದು ಹಡಗಿಗೆ ತುಂಬಿದರು. ಗೂಡು ಬಟ್ಟಬಯಲಾಯಿತು, ಮೊಟ್ಟೆ ಬಿಸಿಲಿಗೆ, ಕಡಲಕಾಗೆಗೆ. ಉಳಿದದ್ದನ್ನು ಮನುಷ್ಯರು ಬುಟ್ಟಿಗಟ್ಟಲೆ ಒಯ್ದರು. ಮೊಟ್ಟೆ ಒಯ್ಯುವುದು ನಿಂತದ್ದು 1960ರ ದಶಕದ ಕೊನೆಗೆ. 2000ದ ಜೂನಿನಲ್ಲಿ 'ಟ್ರೆಷರ್' ಹಡಗು ಮುಳುಗಿ ಎಣ್ಣೆ ಹರಡಿದಾಗ ಎಣ್ಣೆ ಮೆತ್ತಿದ ಸುಮಾರು 19,000 ಹಕ್ಕಿಗಳನ್ನು ಒಂದೊಂದಾಗಿ ಕೈಯಲ್ಲಿ ತೊಳೆದರು. ಎಣ್ಣೆ ತಾಗದ ಇನ್ನೂ ಅಷ್ಟೇ ಹಕ್ಕಿಗಳನ್ನು ದೂರದ ಪೋರ್ಟ್ ಎಲಿಜಬೆತ್‌ಗೆ ಸಾಗಿಸಿ ಬಿಟ್ಟರು. ಅವು ಈಜಿ ಊರು ಸೇರುವಷ್ಟರಲ್ಲಿ ಕಡಲು ತಿಳಿಯಾಗಲಿ ಎಂಬ ಲೆಕ್ಕ. ಮನುಷ್ಯರು ಇಷ್ಟು ಮಾಡಬಲ್ಲರೆಂದು ನೆನೆದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಎಣ್ಣೆಯನ್ನಾದರೂ ತೊಳೆಯಬಹುದು. ಹಸಿವನ್ನು? ಸಮುದ್ರದ ಸ್ಥಿತಿ ಬದಲಾಗುತ್ತ ಸಾರ್ಡೀನ್, ಆಂಚೊವಿ ಮೀನುಗಳು ಪೂರ್ವಕ್ಕೆ ಸರಿದವು. ಹಳೆಯ ದ್ವೀಪಗಳು ಪಶ್ಚಿಮದಲ್ಲೇ ಉಳಿದವು. ಮೀನು ಕಡಿಮೆಯಾದರೂ ಬಲೆ ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಈ ಹಕ್ಕಿ ಗರಿಯನ್ನೆಲ್ಲ ಒಮ್ಮೆಗೇ ಉದುರಿಸುತ್ತದೆ. ಹೊಸ ಗರಿ ಬರುವ ಸುಮಾರು ಮೂರು ವಾರ ನೀರಿಗಿಳಿಯುವಂತಿಲ್ಲ, ಪೂರ್ತಿ ಉಪವಾಸ. ಮೊದಲೇ ತಿಂದು ಮೈ ತುಂಬಿಕೊಳ್ಳದಿದ್ದರೆ ನಿಂತಲ್ಲೇ ಸಾವು. ಬೌಲ್ಡರ್ಸ್‌ನ ಮರದ ಕಾಲುದಾರಿಯ ಪಕ್ಕದಲ್ಲೇ ಅಂಥದೊಂದು ಹಕ್ಕಿ ಅಲುಗಾಡದೆ ನಿಂತಿತ್ತು. ಕಾಯಿಲೆಯಿರಬೇಕು ಎಂದುಕೊಂಡೆ. ಮುಟ್ಟಬೇಡಿ, ಅಟ್ಟಬೇಡಿ ಎಂಬ ನಿಯಮಕ್ಕೆ ಎಷ್ಟು ಅರ್ಥವಿದೆ ಎಂದು ತಿಳಿದದ್ದು ಆಮೇಲೆ: ಓಡಿಸಿದರೆ ಅದು ಕಳೆದುಕೊಳ್ಳುವುದು ಕೂಡಿಟ್ಟ ಕೊಬ್ಬನ್ನು.

2024ರಲ್ಲಿ ಈ ಜಾತಿಯನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಮರಿಮಾಡುವ ಜೋಡಿಗಳು 10,000ಕ್ಕೂ ಕಡಿಮೆ. 2025ರ ಮಾರ್ಚಿನಲ್ಲಿ ಅಲ್ಲಿನ ನ್ಯಾಯಾಲಯದ ಆದೇಶದಿಂದ ಆರು ನೆಲೆಗಳ ಸುತ್ತ ಹತ್ತು ವರ್ಷ ಸಾರ್ಡೀನ್, ಆಂಚೊವಿ ಹಿಡಿಯುವುದು ನಿಂತಿತು. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ನಾವು ಮುಚ್ಚುವುದು ಕಾಲವನ್ನು, ಅವರು ಮುಚ್ಚಿದ್ದು ಜಾಗವನ್ನು.

ಮುಂದಿನ ವಾರ ಇದನ್ನೂ ಅಕ್ಕನಿಗೆ ಹೇಳಿದೆ. ತಕ್ಕಡಿ ಕೆಳಗಿಟ್ಟರು. "ಹತ್ತು ವರ್ಷವಾ? ಅಲ್ಲಿನ ದೋಣಿಯವರು ಮತ್ತೆ ಎಂಥ ಮಾಡುದು?"

ಮುಚ್ಚಿದ್ದು ಹಕ್ಕಿಗಳು ಮರಿಗೆ ಮೀನು ತರುವ ಸುತ್ತಳತೆಯನ್ನು ಮಾತ್ರ, ಉಳಿದ ಕಡಲು ತೆರೆದೇ ಇದೆ ಎಂದೆ.