ಡ್ರಮ್ಮರ್ ಇಲ್ಲದ ಆಲ್ಬಂ

ಬೆಂಗಳೂರಲ್ಲಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಬ್ಯಾಂಡ್ ಕಟ್ಟೋ ಹುಡುಗರಿಗೆ ಗಿಟಾರ್ ನುಡಿಸುವವರು ಬೇಕಾದಷ್ಟು ಸಿಗುತ್ತಾರೆ, ಡ್ರಮ್ಮರ್ ಸಿಗಲ್ಲ. ಸಿಕ್ಕರೂ ಆತ ಆಗಲೇ ಇನ್ನೂ ಮೂರು ಬ್ಯಾಂಡಿನಲ್ಲಿರುತ್ತಾನೆ. ಬಾಡಿಗೆ ಮನೆಯಲ್ಲಿ ಡ್ರಮ್ ಕಿಟ್ ಇಟ್ಟರೆ ಓನರ್ ಸುಮ್ನಿರ್ತಾರಾ? ಹಾಗಾಗಿ ನನ್ನ ಹತ್ತಿರ ಮಿಕ್ಸಿಂಗ್‌ಗೆ, ಅಂದರೆ ರೆಕಾರ್ಡ್ ಮಾಡಿದ ವಾದ್ಯಗಳನ್ನೆಲ್ಲ ಹದವಾಗಿ ಕೂಡಿಸಿಕೊಳ್ಳೋಕೆ, ಬರುವ ಡೆತ್ ಮೆಟಲ್ (ಗುರುಗುಟ್ಟುವ ಗಂಟಲಿನ ಮೆಟಲ್) ಹುಡುಗರಲ್ಲಿ ಜಾಸ್ತಿ ಜನ ಡ್ರಮ್ಮನ್ನು ಲ್ಯಾಪ್‌ಟಾಪಿನಲ್ಲೇ ಪ್ರೋಗ್ರಾಂ ಮಾಡಿಕೊಂಡು ಬರುತ್ತಾರೆ. ಬಂದವರು ಸ್ವಲ್ಪ ನಾಚಿಕೊಂಡೇ, "ಸರ್, ಸದ್ಯಕ್ಕೆ ಇದು, ಆಮೇಲೆ ನಿಜವಾದ ಡ್ರಮ್ ಹಾಕಿಸ್ತೀವಿ" ಅಂತಾರೆ. ನಾನು ಮಾತಾಡದೆ ಒಂದು ಆಲ್ಬಂ ಹಾಕುತ್ತೇನೆ.

ಅದು ಜರ್ಮನಿಯ ನೆಕ್ರೋಫೇಜಿಸ್ಟ್ ಬ್ಯಾಂಡಿನ ಮೊದಲ ಆಲ್ಬಂ, 'ಆನ್‌ಸೆಟ್ ಆಫ್ ಪ್ಯೂಟ್ರಿಫ್ಯಾಕ್ಷನ್'. ಬಂದಿದ್ದು 1999ರಲ್ಲಿ. ಬ್ಯಾಂಡ್ ಅನ್ನೋದು ಹೆಸರಿಗೆ ಮಾತ್ರ. ಟರ್ಕಿ ಮೂಲದ ಮುಹಮ್ಮದ್ ಸುಯಿಚ್‌ಮೆಜ್ ಅನ್ನುವ ಒಬ್ಬ ಗಿಟಾರಿಸ್ಟ್ ಬಹುಪಾಲು ಎಲ್ಲವನ್ನೂ ತಾನೇ ಮಾಡಿದ್ದಾನೆ. ಹಾಡು ಕಟ್ಟಿದ್ದು ಅವನೇ, ಗಿಟಾರ್ ಅವನದೇ, ಗಂಟಲು ಅವನದೇ. ಡ್ರಮ್ಮಿಗೆ ಮನುಷ್ಯನೇ ಇಲ್ಲ, ಒಂದೊಂದು ಏಟನ್ನೂ ಕೂತು ಪ್ರೋಗ್ರಾಂ ಮಾಡಿದ್ದು. (ಟರ್ಕಿ ಭಾಷೆಯಲ್ಲಿ 'ಸು ಇಚ್ಮೆಜ್' ಅಂದರೆ 'ನೀರು ಕುಡಿಯಲ್ಲ' ಅಂತ. ಆ ಡ್ರಮ್ ಕೂರಿಸೋವಾಗ ನೀರು ಕುಡಿಯೋಕೂ ಎದ್ದಿರಲಿಕ್ಕಿಲ್ಲ ಅಂತ ನನ್ನ ತಮಾಷೆ.)

ಎಂಟು ಹಾಡು, ಎಲ್ಲ ಸೇರಿ ಮುಕ್ಕಾಲು ಗಂಟೆಯೂ ಇಲ್ಲ. ಮೊದಲ ಹಾಡು 'ಫೌಲ್ ಬಾಡಿ ಆಟಾಪ್ಸಿ' ಎರಡು ನಿಮಿಷದೊಳಗೆ ಮುಗಿದುಹೋಗುತ್ತದೆ. ಇಷ್ಟರಲ್ಲಿ ಅಂಥದ್ದೇನಿದೆ? ಸ್ಪೀಡು ಅಂತಾರೆ ಎಲ್ಲರೂ. ನಾನು ಒಪ್ಪಲ್ಲ. ಸ್ಪೀಡಾಗಿ ಬಾರಿಸೋರು ಆಗಲೂ ಇದ್ದರು, ಈಗಂತೂ ಹದಿನೈದು ವರ್ಷದ ಮಕ್ಕಳೇ ಫೋನ್ ಮುಂದೆ ಕೂತು ಬಾರಿಸುತ್ತಾರೆ. ಈ ರೆಕಾರ್ಡಿನಲ್ಲಿ ಅಷ್ಟು ಸ್ಪೀಡಿನಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದಲ್ಲ, ನನ್ನನ್ನು ಹಿಡಿದಿದ್ದು ಅದು.

ಇದರ ಲೆಕ್ಕ ನನಗೆ ಅರ್ಥವಾಗಿದ್ದು ಒಂದು ಎಡವಟ್ಟು ಮಾಡಿಕೊಂಡ ಮೇಲೆ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಬ್ಯಾಂಡಿನ ನಾಲ್ಕು ಹಾಡು ಮಿಕ್ಸ್ ಮಾಡ್ತಿದ್ದೆ. ಡ್ರಮ್ ತೀರಾ ಮೆಷಿನ್ ಥರ ಇದೆ ಅನ್ನಿಸಿತು. ಪ್ರೋಗ್ರಾಂ ಮಾಡಿದ ಡ್ರಮ್ಮಿನಲ್ಲಿ ಪ್ರತಿ ಏಟಿಗೂ 1ರಿಂದ 127ರವರೆಗೆ ಒಂದು ಜೋರಿನ ನಂಬರ್ ಇರುತ್ತದೆ, ಎಲ್ಲವನ್ನೂ 127ಕ್ಕೇ ಇಟ್ಟರೆ ಟೈಪ್‌ರೈಟರ್ ಬಡಿದ ಹಾಗೆ ಕೇಳುತ್ತದೆ. ಸರಿ, ಮನುಷ್ಯ ಬಾರಿಸಿದ ಹಾಗೆ ಇರಲಿ ಅಂತ ನಂಬರುಗಳನ್ನು ಹೆಚ್ಚುಕಮ್ಮಿ ಮಾಡಿದೆ. ಅಲ್ಲಿಗೇ ಬಿಡಬೇಕಿತ್ತು. ಬಿಡದೆ ಒಂದೊಂದು ಏಟನ್ನೂ ಹತ್ತು ಹದಿನೈದು ಮಿಲಿಸೆಕೆಂಡಿನಷ್ಟು ಹಿಂದೆ ಮುಂದೆ ತಳ್ಳಿದೆ. ಪಾಪ್ ಹಾಡಿಗೆ ಇದನ್ನು ದಿನಾ ಮಾಡ್ತೀವಿ, ಚೆನ್ನಾಗೇ ಕೂರುತ್ತದೆ. ಇಲ್ಲಿ ಇಡೀ ಹಾಡು ಕಲಸಿದ ಅನ್ನ ಆಗೋಯ್ತು. ಗಿಟಾರಿಸ್ಟ್ ಹುಡುಗ ಹೆಡ್‌ಫೋನ್ ತೆಗೆದು, "ಸರ್, ನಾನು ತಪ್ಪು ನುಡಿಸಿದ್ದೀನಾ?" ಅಂತ ಕೇಳಿದ. ಪಾಪ, ಅವನು ಸರಿಯಾಗೇ ನುಡಿಸಿದ್ದ.

ನಿಮಿಷಕ್ಕೆ 200 ಬೀಟು ಅಂತಿಟ್ಟುಕೊಳ್ಳಿ. ಬೀಟಿಗೆ ನಾಲ್ಕು ಏಟಿನ ಹಾಗೆ ಕಾಲಲ್ಲಿ ಕಿಕ್ (ನೆಲದ ಮೇಲಿನ ದೊಡ್ಡ ಡ್ರಮ್) ತುಳಿದರೆ ಸೆಕೆಂಡಿಗೆ ಹದಿಮೂರು ಚಿಲ್ಲರೆ ಏಟು. ಏಟಿಗೂ ಏಟಿಗೂ ನಡುವೆ ಉಳಿಯೋದು 75 ಮಿಲಿಸೆಕೆಂಡ್ ಮಾತ್ರ. ಗಿಟಾರ್ ತಂತಿಗೆ ಪಿಕ್ (ಮೀಟೋ ಬಿಲ್ಲೆ) ತಾಗೋ ಕ್ಷಣ ಮತ್ತು ಕಿಕ್ ಬೀಳೋ ಕ್ಷಣ ಒಂದೇ ಆದರೆ ಆ ಸ್ವರಕ್ಕೆ ಒಂದು ಅಂಚು ಬರುತ್ತದೆ, ಕಿವಿ ಅದನ್ನು ಎಣಿಸುತ್ತದೆ. ಅದರಲ್ಲಿ ಹದಿನೈದು ಮಿಲಿಸೆಕೆಂಡ್ ಆಚೀಚೆ ಆದರೆ ಐದರಲ್ಲಿ ಒಂದು ಪಾಲು ಹೋಯ್ತು. ಅಂಚು ಇಲ್ಲ, ಬರೀ ಗದ್ದಲ. ಅದಕ್ಕೇ ಇಂಥ ಸಂಗೀತದಲ್ಲಿ ಕಿಕ್ಕಿನ 'ಧಂ' ಕಮ್ಮಿ ಮಾಡಿ 'ಟಕ್' ಜಾಸ್ತಿ ಮಾಡೋದು. ಧಂ ಅನ್ನೋ ಸದ್ದಿನ ಬಾಲ ಉದ್ದ, ಮುಂದಿನ ಏಟು ಬರೋ ಹೊತ್ತಿಗೂ ಅದು ಅಲ್ಲೇ ಓಡಾಡ್ತಿರುತ್ತದೆ.

ಆವತ್ತು ಸಂಜೆ ಮನೆಗೆ ಹೋಗಿ ಸುಯಿಚ್‌ಮೆಜ್‌ನ ಆಲ್ಬಂ ಮತ್ತೆ ಕೇಳಿದೆ. ದಣಿಯದ, ತಾಳ ತಪ್ಪದ ಮೆಷಿನ್ ಇದೆ ಅಂತ ಗೊತ್ತಿದ್ದೇ ಅವನು ಅದರ ಮೇಲೆ ಅಷ್ಟು ಸಣ್ಣ ಕೆಲಸದ ಗಿಟಾರ್ ಕೂರಿಸಿದ್ದಾನೆ ಅನ್ನಿಸಿತು. ಗ್ರಾಫ್ ಹಾಳೆಯ ಮೇಲೆ ಕಸೂತಿ ಹಾಕಿದ ಹಾಗೆ. ಗೆರೆ ಅಲ್ಲಾಡಿದರೆ ಹೂವು ಕೆಡುತ್ತದೆ.

ಇನ್ನು ಗಂಟಲು. ಡೆತ್ ಮೆಟಲ್ ಮೊದಲ ಸಲ ಕೇಳಿದವರು ಓಡಿಹೋಗೋದೇ ಅದಕ್ಕೆ. ಸ್ವರವೇ ಇಲ್ಲ, ಬರೀ ಗುರುಗುರು ಅಂತಾರೆ. ಸ್ವರ ಇಲ್ಲ, ನಿಜ. ಆದರೆ ಅದರಿಂದ ಒಂದು ಲಾಭ ಇದೆ. ಹಾಡುಗಾರ ರಾಗ ಹಿಡಿದರೆ ಗಿಟಾರ್ ಹಿಂದೆ ಸರಿದು ದಾರಿ ಬಿಡಬೇಕು. ಇಲ್ಲಿ ಗಂಟಲು ತಾಳವಾದ್ಯದ ಕೆಲಸ ಮಾಡುತ್ತದೆ, ಹಾಡೋದು ಗಿಟಾರ್. ಇದನ್ನು ಒಂದು ಸಲ ಹಿಡಿದರೆ ಆಲ್ಬಂ ಬೇರೆಯೇ ಥರ ಕೇಳಿಸುತ್ತದೆ. 'ಫರ್ಮೆಂಟೆಡ್ ಆಫಲ್ ಡಿಸ್ಚಾರ್ಜ್' ಅನ್ನೋ ಕೊನೆಯ ಹಾಡಿನ ಸೋಲೋ (ಗಿಟಾರ್ ಮುಂದೆ ಬಂದು ಒಂದೇ ಮೆರೆಯೋ ಭಾಗ) ಕೇಳಿ, ಹೆಸರಿನ ಅರ್ಥ ಹುಡುಕೋಕೆ ಹೋಗಬೇಡಿ, ಊಟ ಸೇರಲ್ಲ. ಆ ಸೋಲೋ ಗುನುಗಬಹುದು. ನಿಧಾನಕ್ಕೆ ಗುನುಗಿ ನೋಡಿ, ಬರುತ್ತದೆ. ಇವನ ಸೋಲೋಗಳಲ್ಲಿ ಹಾರ್ಮೋನಿಕ್ ಮೈನರ್ ಅನ್ನೋ ಪಾಶ್ಚಾತ್ಯ ಸ್ವರಶ್ರೇಣಿಯ ಛಾಯೆ ಜಾಸ್ತಿ. ಆ ಸ್ವರಗಳು ನಮ್ಮ ಕೀರವಾಣಿ ರಾಗದವೇ, ಗಮಕ ಮಾತ್ರ ಇಲ್ಲ. ಸಂಗೀತ ಪಾಠಕ್ಕೆ ಹೋಗಿದ್ದ ಹುಡುಗಿಯೊಬ್ಬಳು ನನ್ನ ಸ್ಟುಡಿಯೋದಲ್ಲಿ ಕೂತು ಮೂಗು ಮುರೀತಾ ಕೇಳ್ತಿದ್ದವಳು, ಸೋಲೋ ಬಂದ ಕೂಡಲೇ ತೊಡೆ ಮೇಲೆ ಬೆರಳು ಎಣಿಸೋಕೆ ಶುರು ಮಾಡಿದ್ದಳು.

ಸಾಹಿತ್ಯದ ಬಗ್ಗೆ ಹೇಳೋದಕ್ಕೆ ಹೆಚ್ಚೇನಿಲ್ಲ. ಹೆಣ, ಕೊಳೆತ, ಕರುಳು. ಈ ಸಂಗೀತದಲ್ಲಿ ಅದು ಯಕ್ಷಗಾನದ ರಾಕ್ಷಸ ವೇಷದ ಹಾಗೆ, ಬಣ್ಣ ನೋಡಿ ಹೆದರಬೇಕಿಲ್ಲ.

2004ರಲ್ಲಿ ಇದೇ ಆಲ್ಬಂ ಮತ್ತೆ ಬಂತು, ಡ್ರಮ್ಮಿನ ಸದ್ದು ಬದಲಾಗಿತ್ತು. ಅದೇ ವರ್ಷ ಎರಡನೇ ಆಲ್ಬಂ 'ಎಪಿಟಾಫ್' ಕೂಡ ಬಂತು, ಅದರಲ್ಲಿ ಹಾನ್ನೆಸ್ ಗ್ರಾಸ್‌ಮನ್ ಅನ್ನೋ ನಿಜವಾದ ಡ್ರಮ್ಮರ್ ಇದ್ದಾನೆ, ಅದ್ಭುತವಾಗಿ ಬಾರಿಸಿದ್ದಾನೆ. ಅದು ಹೆಚ್ಚು ನಯವಾದ ರೆಕಾರ್ಡು, ಹೆಚ್ಚು ಜನ ಮೆಚ್ಚುವುದೂ ಅದನ್ನೇ. ಮೂರನೆಯದು ಬರಲೇ ಇಲ್ಲ. ನನಗೆ 1999ರ ಮೂಲ ಸದ್ದೇ ಇಷ್ಟ. ಸ್ನೇರ್ (ಕೋಲಿಂದ ಬಾರಿಸೋ ಚಿಕ್ಕ ಡ್ರಮ್) ಡಬ್ಬಾ ಬಡಿದ ಹಾಗಿದೆ, ಒಪ್ಪುತ್ತೇನೆ. ಇವತ್ತು ಯಾರಾದರೂ ಅಂಥ ಸ್ನೇರ್ ತಂದರೆ ಮೊದಲು ಬದಲಾಯಿಸೋಣ ಅಂತ ನಾನೇ ಹೇಳ್ತೀನಿ. ಆದರೂ ಆ ಡಬ್ಬಾ ಸದ್ದು ಗಿಟಾರಿನ ದಾರಿಗೆ ಎಲ್ಲೂ ಅಡ್ಡ ಬರಲ್ಲ.

ಆ ನಾಲ್ಕು ಹಾಡಿನ ಬ್ಯಾಂಡಿನ ಕಥೆ ಏನಾಯ್ತು ಅಂದ್ರಾ? ನಾನು ತಳ್ಳಿದ್ದ ಏಟುಗಳನ್ನೆಲ್ಲ ವಾಪಸ್ ಗೆರೆಗೆ ಕೂರಿಸಿದೆ, ಜೋರಿನ ನಂಬರುಗಳನ್ನು ಮಾತ್ರ ಹಾಗೇ ಬಿಟ್ಟೆ. ಎರಡು ರಾತ್ರಿ ಹಿಡಿಯಿತು, ದುಡ್ಡು ಕೇಳೋಕೆ ಮುಖ ಇರಲಿಲ್ಲ. ಡ್ರಮ್ಮರ್ ಹೆಸರು ಹಾಕೋ ಜಾಗದಲ್ಲಿ ಹುಡುಗರು ಲ್ಯಾಪ್‌ಟಾಪಿನ ಕಂಪನಿ ಹೆಸರು ಹಾಕಿಕೊಂಡರು.