ಫಯರ್ ಇಂಜಿನ್ ಬಂದ ಮೇಲೆ ನೀರು ಎಲ್ಲಿಂದ?

ಅಗ್ನಿಶಾಮಕ ಸೇವೆಯ ಮುಂದಿನ ವರ್ಷಗಳ ಯೋಜನೆಯ ಬಗ್ಗೆ ಕೇರಳದ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಯಾವ ಸಭೆಯಲ್ಲಿ ಮಾತೆತ್ತಿದರೂ ಮೊದಲು ಬರುವ ಬೇಡಿಕೆ ‘ನಮ್ಮ ಊರಿಗೂ ಒಂದು ಫಯರ್ ಸ್ಟೇಷನ್ ಬೇಕು’ ಎಂಬುದು. ಬೇಡಿಕೆ ಅನ್ಯಾಯದ್ದಲ್ಲ. ಜಿಲ್ಲೆಯ ಸ್ಟೇಷನ್‌ಗಳ ಪೈಕಿ ಕಾಸರಗೋಡು, ಉಪ್ಪಳ, ಕಾಞಂಗಾಡ್, ತೃಕ್ಕರಿಪುರಗಳು ಕರಾವಳಿಯ ಅಂಚಿನಲ್ಲಿವೆ, ಒಳನಾಡಿನಲ್ಲಿರುವುದು ಕುತ್ತಿಕ್ಕೋಲು. ಬಾಯಾರು, ಪೆರ್ಲದಂಥ ಕಡೆಗೆ ಗುಡ್ಡದ ತಿರುವುಗಳನ್ನು ಹತ್ತಿಳಿದೇ ವಾಹನ ಬರಬೇಕು. ಆದರೆ ಎಲ್ಲಿ ದೂರ ಹೆಚ್ಚು ಎಂಬುದನ್ನು ಯೋಜನೆ ಮಾಡುವವರು ಭೂಪಟ ನೋಡಿಯೇ ತಿಳಿದುಕೊಳ್ಳಬಲ್ಲರು. ಭೂಪಟದಲ್ಲಿ ಇಲ್ಲದ್ದನ್ನು ಹೇಳಬೇಕಾದವರು ಊರಿನವರು, ಮತ್ತು ಹಾಗೆ ಹೇಳಬೇಕಾದವುಗಳಲ್ಲಿ ಮೊದಲನೆಯದು ನೀರು ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಬರುವ ದೊಡ್ಡ ವಾಹನದ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 4500 ಲೀಟರ್ ನೀರಿರುತ್ತದೆ. ನಿಮಿಷಕ್ಕೆ 450 ಲೀಟರ್‌ನಂತೆ ಹಾಯಿಸಿದರೆ ಅದು ಹತ್ತು ನಿಮಿಷಕ್ಕೆ ಖಾಲಿ. ಹೊತ್ತಿಕೊಂಡದ್ದು ರಬ್ಬರ್ ಶೀಟಿನ ಹೊಗೆಮನೆಯೋ ಕೊಬ್ಬರಿ ರಾಶಿ ಹಾಕಿದ ಅಟ್ಟವೋ ಆದರೆ ಹತ್ತು ನಿಮಿಷ ಏನೇನೂ ಸಾಲದು. ಆಗ ಮನೆಯವರು ಬಾವಿ ತೋರಿಸುತ್ತಾರೆ, ಸಿಬ್ಬಂದಿ ಬಗ್ಗಿ ನೋಡಿ ಆಗದೆಂದು ತಲೆಯಾಡಿಸುತ್ತಾರೆ, ಇಷ್ಟು ದೊಡ್ಡ ಪಂಪು ತಂದು ಬಾವಿಯ ನೀರು ಎತ್ತಲಾಗದೇ ಎಂದು ಸೇರಿದವರು ರೇಗುತ್ತಾರೆ. ಕಾರಣ ಸರಳವಾದದ್ದು. ವಾಹನದ ಪಂಪು ಕೊಳವೆಯೊಳಗಿನ ಗಾಳಿಯನ್ನಷ್ಟೇ ತೆಗೆಯುತ್ತದೆ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುಭಾರ. ಲೆಕ್ಕದಲ್ಲಿ ಅದರ ಮಿತಿ ಸುಮಾರು 10 ಮೀಟರ್, ಕೆಲಸದಲ್ಲಿ 7 ಮೀಟರ್ ದಾಟಿದರೆ ಭರವಸೆ ಇಡುವಂತಿಲ್ಲ. ಕೆಂಪುಕಲ್ಲಿನ ಗುಡ್ಡದ ಬಾವಿಗಳಲ್ಲಿ ಏಪ್ರಿಲ್ ಹೊತ್ತಿಗೆ ನೀರು ಅದಕ್ಕಿಂತ ಎಷ್ಟೋ ಕೆಳಗೆ ಹೋಗಿರುತ್ತದೆ. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯ ಪರಿಸ್ಥಿತಿ ಇದು.

ಆದ್ದರಿಂದ ‘ಪ್ರತಿ ಮನೆಯಲ್ಲೂ ಬಾವಿಯಿದೆ’ ಎಂಬ ಮಾತು ಯೋಜನೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಮನೆಗೆ, ತೋಟಕ್ಕೆ ಸಾಕಾದೀತು, ಪಂಪಿಗೆ ಸಾಲದು. ಅದು ಬಂದು ತುಂಬುವ ಕೆರೆ ದೊಡ್ಡದಿದ್ದರೆ ಮಾತ್ರ ಉಪಯೋಗ. ಮಳೆನೀರು ನಿಲ್ಲುವ ಮದಕಗಳು, ಕೈಬಿಟ್ಟ ಕಲ್ಲಿನ ಕೋರೆಗಳಲ್ಲಿ ನಿಂತ ನೀರು, ಏತಡ್ಕದ ಕಡೆ ತೋಡಿಗೆ, ಅಂದರೆ ಸಣ್ಣ ಹೊಳೆಗೆ, ಅಡ್ಡವಾಗಿ ಕಟ್ಟುವಂಥ ಕಟ್ಟಗಳು ನಿಜವಾಗಿ ಬೆಲೆಯುಳ್ಳವು, ಆದರೆ ಕಟ್ಟದಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದು ಆ ತೋಡಿನ ಬದಿಯ ಕೃಷಿಕರಿಗಷ್ಟೇ ಗೊತ್ತು. ‘ನಮ್ಮ ವಾರ್ಡಿನಲ್ಲಿ ನೀರಿನ ಅನುಕೂಲ ಕಡಿಮೆ’ ಎಂದು ಬರೆದುಕೊಟ್ಟರೆ ಯಾರಿಗೂ ಪ್ರಯೋಜನವಿಲ್ಲ. ‘ಭಜನಾ ಮಂದಿರದ ಹಿಂದಿನ ಮದಕದಲ್ಲಿ ಏಪ್ರಿಲ್ ಕೊನೆಯವರೆಗೂ ಸೊಂಟಮಟ್ಟ ನೀರಿರುತ್ತದೆ, ದಂಡೆಯ ತನಕ ಲಾರಿ ಹೋಗುತ್ತದೆ, ಗೇಟಿನ ಬೀಗದ ಕೈ ಎದುರು ಮನೆಯಲ್ಲಿದೆ’ ಎಂದು ಬರೆದರೆ ಅದು ನೇರವಾಗಿ ಯೋಜನೆಯೊಳಗೆ ಸೇರಬಹುದಾದ ಸಲಹೆ. ಹೊಸ ಸ್ಟೇಷನ್ನಿಗೆ ಜಾಗ, ಹುದ್ದೆ, ಅನುದಾನ ಎಲ್ಲ ಆಗಬೇಕು. ಮದಕದ ದಂಡೆಗೆ ನಾಲ್ಕು ಲೋಡ್ ಜಲ್ಲಿ ಹಾಕಿಸುವುದು ಪಂಚಾಯತಿನ ಕೈಯಲ್ಲೇ ಇರುವ ಕೆಲಸ.

ದಾರಿಯ ವಿಷಯದಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬೇರೆಯಾಗಿಯೇ ಹೇಳಬೇಕು. ಷಟ್ಪಥವಾದ ಮೇಲೆ ಎದುರಿಗೇ ಕಾಣುವ ಮನೆಗೆ ಹೋಗಬೇಕಾದರೂ ವಾಹನ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಬೇಕು, ಅಂಡರ್‌ಪಾಸ್ ತಗ್ಗಾಗಿದ್ದರೆ ಇನ್ನೂ ಮುಂದಕ್ಕೆ ಹೋಗಬೇಕು. ಅದೇ ದಾರಿಯಲ್ಲಿ ಮಂಗಳೂರಿನಿಂದ ಅಡುಗೆ ಅನಿಲದ ಟ್ಯಾಂಕರ್‌ಗಳು ದಕ್ಷಿಣಕ್ಕೆ ಹೋಗುತ್ತವೆ. ಕಣ್ಣೂರಿನ ಚಾಲದಲ್ಲಿ 2012ರ ಆಗಸ್ಟಿನಲ್ಲಿ ಟ್ಯಾಂಕರ್ ಮಗುಚಿ, ಅನಿಲ ಹೊತ್ತಿಕೊಂಡು ಹಲವರು ಸತ್ತದ್ದನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಸರ್ವಿಸ್ ರಸ್ತೆಯ ಪಕ್ಕದ ಯಾವ ಮನೆಗಳಿಗೆ ಹಿಂದಿನಿಂದ ಹೊರಹೋಗುವ ದಾರಿಯಿಲ್ಲ ಎಂಬುದನ್ನು ಆ ವಾರ್ಡಿನವರೇ ಗುರುತಿಸಿ ಕೊಡಬೇಕು.

ಕಾಲವನ್ನೂ ತಿಳಿಸಬೇಕು. ಪದವುಗಳ, ಅಂದರೆ ಗುಡ್ಡದ ಮೇಲಿನ ಬಯಲುಗಳ, ಮುಳಿಹುಲ್ಲು ಒಣಗಿ ಬೆಂಕಿ ಹಿಡಿಯುವ ತಿಂಗಳುಗಳೇ ಕೋಲ, ನೇಮ, ಜಾತ್ರೆ, ಉರೂಸುಗಳೂ ನಡೆಯುವ ತಿಂಗಳುಗಳು. ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ರಾತ್ರಿ ತೆಯ್ಯಂ ನಡೆಯುತ್ತಿದ್ದಾಗ ದಾಸ್ತಾನಿಟ್ಟ ಸಿಡಿಮದ್ದು ಹೊತ್ತಿಕೊಂಡು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ವರ್ಷದ ಉತ್ಸವಗಳ ಪಟ್ಟಿಯನ್ನು ಮೊದಲೇ ಸ್ಟೇಷನ್ನಿಗೆ ಮುಟ್ಟಿಸುವುದು ಸಮಿತಿಗಳಿಗೆ ಕಷ್ಟವಲ್ಲ.

ಇದನ್ನೆಲ್ಲ ಯಾರ ಮುಂದೆ ಹೇಳುವುದು? ಇಂಗ್ಲೆಂಡಿನಲ್ಲಿ 2018ರ ರಾಷ್ಟ್ರೀಯ ಚೌಕಟ್ಟಿನಂತೆ ಪ್ರತಿಯೊಂದು ಅಗ್ನಿಶಾಮಕ ಪ್ರಾಧಿಕಾರವೂ ಕನಿಷ್ಠ ಮೂರು ವರ್ಷಗಳ ಅಪಾಯ ನಿರ್ವಹಣಾ ಯೋಜನೆಯನ್ನು ಜನರೊಡನೆ ಸಮಾಲೋಚಿಸಿಯೇ ಸಿದ್ಧಪಡಿಸಬೇಕು. ನಮ್ಮಲ್ಲಿ ಅಂಥ ರೂಢಿ ಬೆಳೆದಿಲ್ಲ. ಆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೆಯ ಸೆಕ್ಷನ್, ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ತಯಾರಿಸಬೇಕೆಂದೂ ಪ್ರತಿವರ್ಷ ಪರಿಶೀಲಿಸಿ ಪರಿಷ್ಕರಿಸಬೇಕೆಂದೂ ಹೇಳುತ್ತದೆ. ಸಮಾಲೋಚನೆ ಪಂಚಾಯತಿನೊಡನೆ ಎಂದ ಮೇಲೆ ನಮ್ಮ ಮಾತು ಅಲ್ಲಿಗೆ ತಲುಪುವ ದಾರಿ ಗ್ರಾಮಸಭೆ. ಮನವಿಯನ್ನು ಕನ್ನಡದಲ್ಲೇ ಬರೆಯಬಹುದು, ಸಂವಿಧಾನದ 350ನೆಯ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಯೋಜನೆಯ ಕರಡು ಮಲಯಾಳದಲ್ಲಿ ಮಾತ್ರ ಬಂದಿದ್ದರೆ ಕನ್ನಡದ ಪ್ರತಿ ಕೇಳಲು ಹಿಂಜರಿಯಬೇಕಾಗಿಲ್ಲ. ಓದಲಾಗದ ಕರಡಿಗೆ ಸಲಹೆ ಕೊಡುವುದು ಹೇಗೆ?

ಗಡಿಯ ವಾರ್ಡುಗಳವರು ಮತ್ತೊಂದನ್ನು ಸೇರಿಸಬೇಕು. ಗಡಿಯ ಹತ್ತಿರ ಮೊಬೈಲಿನಿಂದ 101ಕ್ಕೆ ಕರೆ ಮಾಡಿದರೆ ಅದು ಕರ್ನಾಟಕದ ಟವರ್ ಹಿಡಿದು ಆಚೆಯ ಕಂಟ್ರೋಲ್ ರೂಮಿಗೆ ಹೋಗಬಹುದು. ಯಾವ ಊರಿಗೆ ಯಾವ ರಾಜ್ಯದ ವಾಹನ ಬೇಗ ಬರುತ್ತದೆ, ಅದನ್ನು ಕರೆಸುವ ಅಧಿಕಾರ ಯಾರಿಗೆ ಎಂಬುದು ಎರಡೂ ಕಡೆಯ ಯೋಜನೆಯಲ್ಲಿ ಬರಹದಲ್ಲಿರಬೇಕು. ಇವೆಲ್ಲವನ್ನೂ ಗ್ರಾಮಸಭೆಯ ನಿರ್ಣಯವಾಗಿ ದಾಖಲಿಸಿ, ಯಾವ ಸಲಹೆ ಸ್ವೀಕಾರವಾಯಿತು, ಯಾವುದು ಏಕೆ ಆಗಲಿಲ್ಲ ಎಂಬ ಉತ್ತರವನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕೆಂಬ ವಾಕ್ಯವನ್ನೂ ಅದೇ ನಿರ್ಣಯದಲ್ಲಿ ಸೇರಿಸಿಕೊಳ್ಳಿ.