ಆಟದೊಳಗಿನ ಅಂಗಭಾಷೆ: ಎಮೋಟ್ ಬರೆಯುವವರಿಗೆ ಅಧ್ಯಯನ ಟಿಪ್ಪಣಿ

ಆನ್‌ಲೈನ್ ಆಟಗಳಲ್ಲಿ ಒಂದು ಪಾತ್ರವನ್ನು ಕಟ್ಟಿಕೊಂಡು, ಅದರ ಬಾಯಿಂದಲೇ ಮಾತಾಡುತ್ತ, ಅದರ ಮೈಯಿಂದಲೇ ಓಡಾಡುತ್ತ, ಇತರರೊಡನೆ ಕೂಡಿ ಕತೆ ನಡೆಸುವುದನ್ನು ರೋಲ್‌ಪ್ಲೇ ಎನ್ನುತ್ತೇವೆ. ಧಾರವಾಡ, ಗದಗ, ಹಾವೇರಿ ಕಡೆಯ ನಾವು ಏಳೆಂಟು ಗೆಳೆಯರು ಇದನ್ನು ಕನ್ನಡದಲ್ಲಿಯೇ ಆಡಲು ತೊಡಗಿದಾಗ ಮಾತಿನ ಭಾಗ ಬೇಗನೆ ಕೈಗೂಡಿತು. ಹುಬ್ಬಳ್ಳಿಯ ಆಟೋ ಚಾಲಕನಾಗಲಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯಾಗಲಿ, ಅವರ ಮಾತು ನಮ್ಮ ನಾಲಿಗೆಯ ಮೇಲೆಯೇ ಇತ್ತು. ತೊಡಕಾದದ್ದು ಮಾತಿನ ನಡುವೆ ಬರೆಯಬೇಕಾದ ನೋಟ, ನಿಲುವು, ಕೈಚಲನೆಗಳಲ್ಲಿ, ಅಂದರೆ ಎಮೋಟ್‌ಗಳಲ್ಲಿ. ಅಲ್ಲಿ ನಾವು ಮಾಡಿದ ತಪ್ಪುಗಳನ್ನೂ ಅವುಗಳಿಂದ ಕಲಿತದ್ದನ್ನೂ ಹೊಸದಾಗಿ ಕಲಿಯುವವರಿಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಎಮೋಟ್‌ಗಳಲ್ಲಿ ಎರಡು ಬಗೆಗಳಿವೆ. ಆಟದ ಪಟ್ಟಿಯಿಂದ ಆರಿಸಿದ ಕೂಡಲೇ ಪಾತ್ರ ಕೈಬೀಸುವುದು, ಬಾಗುವುದು, ಕುಣಿಯುವುದು ಒಂದು ಬಗೆ. ನಾವೇ ಬರೆದ ವಾಕ್ಯ ಪಾತ್ರದ ಹೆಸರಿನೊಂದಿಗೆ ತೆರೆಯ ಮೇಲೆ ಮೂಡುವುದು ಇನ್ನೊಂದು ಬಗೆ. ಬರೆಯುವ ಬಗೆಗೆ ದೊಡ್ಡ ಹಿನ್ನೆಲೆಯಿದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ. ಊರು, ಕಾಡು, ಮನುಷ್ಯರು ಎಲ್ಲವೂ ಅಕ್ಷರಗಳಲ್ಲಿಯೇ ಇದ್ದವು. 1989ರ ಟೈನಿಮಡ್ ಎಂಬ ಅಂಥದೇ ಆಟದಲ್ಲಿ ವಾಕ್ಯದ ಮೊದಲು ಒಂದು ಕೋಲನ್ ಚಿಹ್ನೆ ಹಾಕಿದರೆ ಅದು ಮಾತಾಗದೆ ಕ್ರಿಯೆಯಾಗುತ್ತಿತ್ತು. 1988ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಐಆರ್‌ಸಿ ಎಂಬ ಹರಟೆಯ ವ್ಯವಸ್ಥೆಯಲ್ಲಿ ಬೆಳೆದ, ಬರೆದದ್ದನ್ನು ಕ್ರಿಯೆಯಾಗಿ ತೋರಿಸುವ ‘/ಮೀ’ ಎಂಬ ಆದೇಶವನ್ನು ಇಂದಿನ ಆಟಗಾರರೂ ಬಳಸುತ್ತಾರೆ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಪಟ್ಟಿಯ ಎಮೋಟ್ ಆರಿಸಿದರೆ ಚಲನೆಯ ಜೊತೆಗೆ ಒಂದು ಸಿದ್ಧವಾಕ್ಯವೂ ಮೂಡುತ್ತದೆ, ಎದುರಿನವರನ್ನು ಗುರಿಯಾಗಿ ಆರಿಸಿಕೊಂಡಿದ್ದರೆ ಆ ವಾಕ್ಯ ಅವರ ಹೆಸರನ್ನೂ ಸೇರಿಸಿಕೊಳ್ಳುತ್ತದೆ. ಫೈನಲ್ ಫ್ಯಾಂಟಸಿ 14ರಲ್ಲಿ ಆದೇಶದ ಕೊನೆಗೆ ‘ಮೋಷನ್’ ಎಂದು ಸೇರಿಸಿದರೆ ಸಿದ್ಧವಾಕ್ಯ ಮೂಡದೆ ಚಲನೆ ಮಾತ್ರ ಕಾಣುತ್ತದೆ. ಚಲನೆಯನ್ನು ಆಟಕ್ಕೆ ಬಿಟ್ಟು ವಾಕ್ಯವನ್ನು ತಾವೇ ಬರೆಯಬಯಸುವವರಿಗೆ ಇದಕ್ಕಿಂತ ಉಪಯುಕ್ತವಾದ ಸೌಲಭ್ಯ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ. ಜಿಟಿಎ 5 ಎಂಬ ಆಟದ ರೋಲ್‌ಪ್ಲೇ ಸರ್ವರ್‌ಗಳಲ್ಲಿ ‘/ಮೀ’ ಜೊತೆಗೆ ‘/ಡೂ’ ಕೂಡ ರೂಢಿಯಲ್ಲಿದೆ. ಪಾತ್ರ ಮಾಡುವ ಕೆಲಸಕ್ಕೆ ಮೊದಲನೆಯದು, ಸುತ್ತಲಿನ ಸ್ಥಿತಿಯನ್ನು ಹೇಳುವುದಕ್ಕೂ ಕೇಳುವುದಕ್ಕೂ ಎರಡನೆಯದು.

ವಿಭಕ್ತಿಯೇ ಕಲಿಸುವ ಪಾಠ

‘/ಮೀ’ ಆದೇಶ ಪಾತ್ರದ ಹೆಸರನ್ನು ವಾಕ್ಯದ ಮೊದಲಿಗೆ ತಾನೇ ಮುದ್ರಿಸುತ್ತದೆ. ಆ ಹೆಸರು ಯಾವಾಗಲೂ ಪ್ರಥಮಾ ವಿಭಕ್ತಿಯಲ್ಲಿರುತ್ತದೆ. ಅದಕ್ಕೆ ಪ್ರತ್ಯಯ ಹಚ್ಚುವ ಅವಕಾಶ ನಮಗಿಲ್ಲ. ಇಂಗ್ಲಿಷಿನಲ್ಲಿ ಆಡುವವರಿಗೆ ಇದು ಅಷ್ಟಾಗಿ ತಡೆಯಾಗುವುದಿಲ್ಲ, ಕನ್ನಡದಲ್ಲಿ ಬರೆಯುವವರಿಗೆ ಮೊದಲ ದಿನವೇ ತಡೆಯಾಗುತ್ತದೆ. ನನ್ನ ಪಾತ್ರ ಬಸಣ್ಣ. ಮೊದಲ ವಾರ ನಾನು ‘/ಮೀ ತುಂಬಾ ಸಿಟ್ಟು ಬರುತ್ತದೆ’ ಎಂದು ಬರೆದಾಗ ತೆರೆಯ ಮೇಲೆ ‘ಬಸಣ್ಣ ತುಂಬಾ ಸಿಟ್ಟು ಬರುತ್ತದೆ’ ಎಂದು ಮೂಡಿ ವಾಕ್ಯವೇ ಮುರಿದುಬಿತ್ತು. ಬೇಕಾಗಿದ್ದದ್ದು ‘ಬಸಣ್ಣನಿಗೆ’.

ಇದನ್ನು ಬಹಳ ದಿನ ತಂತ್ರಾಂಶದ ಕೊರತೆ ಎಂದೇ ತಿಳಿದಿದ್ದೆ. ಆಮೇಲೆ ಗೊತ್ತಾದದ್ದು ಬೇರೆ. ಕನ್ನಡದಲ್ಲಿ ಸಿಟ್ಟು, ದುಃಖ, ಹಸಿವು, ನಾಚಿಕೆ, ಅನುಮಾನ ಇವೆಲ್ಲ ಹೆಚ್ಚಾಗಿ ಮನುಷ್ಯನಿಗೆ ಬರುತ್ತವೆ, ಆಗುತ್ತವೆ. ಹಾಗೆ ಹೇಳುವಾಗ ಮನುಷ್ಯನ ಹೆಸರಿಗೆ ಚತುರ್ಥಿ ವಿಭಕ್ತಿ ಬೇಕು. ಮನುಷ್ಯ ತಾನಾಗಿ ಮಾಡುವ ಕೆಲಸಕ್ಕೆ ಪ್ರಥಮಾ ವಿಭಕ್ತಿ ಸಾಕು. ಹೆಸರು ಪ್ರಥಮೆಯಲ್ಲಿ ನಿಂತಿರುವಾಗ ಕನ್ನಡದ ವಾಕ್ಯ ಸಹಜವಾಗಿ ಮುಂದುವರಿಯಬೇಕಾದರೆ ಭಾವದ ಹೆಸರನ್ನು ಬಿಟ್ಟು ಮೈಯ ಕೆಲಸವನ್ನು ಬರೆಯುವುದೇ ಸುಲಭದ ದಾರಿ. ‘ಬಸಣ್ಣ ಹಲ್ಲು ಕಡಿಯುತ್ತಾನೆ.’ ‘ಬಸಣ್ಣ ಹುಬ್ಬು ಗಂಟಿಕ್ಕಿ ದುರುಗುಟ್ಟಿ ನೋಡುತ್ತಾನೆ.’ ‘ಬಸಣ್ಣ ಮೂಗು ಮುರಿದು ಆ ಕಡೆ ತಿರುಗುತ್ತಾನೆ.’ ಒಳ್ಳೆಯ ಎಮೋಟ್ ಭಾವವನ್ನು ಹೆಸರಿಸದೆ ಕಾಣುವಂತೆ ಮಾಡಬೇಕೆಂದು ಎಲ್ಲ ಭಾಷೆಯ ಆಟಗಾರರೂ ಹೇಳುತ್ತಾರೆ. ನಮ್ಮಲ್ಲಿ ಆ ನಿಯಮವನ್ನು ವಿಭಕ್ತಿಯೇ ಕಾಯುತ್ತಿದೆ.

ಷಷ್ಠಿಯ ತೊಡಕೂ ಹೀಗೆಯೇ. ‘ಬಸಣ್ಣನ ಕೈ ನಡುಗುತ್ತದೆ’ ಎನ್ನುವುದನ್ನು ‘/ಮೀ’ ಮೂಲಕ ಹೇಳಲಾಗದು. ನಡುಕವನ್ನು ಯಾವುದಾದರೂ ಕೆಲಸದೊಳಗೆ ಸೇರಿಸಿ ‘ಬಸಣ್ಣ ನಡುಗುವ ಕೈಯಿಂದಲೇ ಚಹಾದ ಬಸಿ ಎತ್ತುತ್ತಾನೆ’ ಎಂದರೆ ವಾಕ್ಯವೂ ನಿಲ್ಲುತ್ತದೆ, ನೋಡುವವರಿಗೆ ಚಹಾ ತುಳುಕುವುದೂ ಕಾಣುತ್ತದೆ. ಅದೂ ಆಗದಿದ್ದರೆ ‘/ಡೂ’ ಇದ್ದೇ ಇದೆ. ಕ್ರಿಯಾಪದದ ಕೊನೆಯನ್ನೂ ಗಮನಿಸಬೇಕು. ಪಾತ್ರ ಹಿರಿಯರದಾಗಿದ್ದರೆ ‘ಎದ್ದು ನಿಲ್ಲುತ್ತಾರೆ’ ಎಂದು ಬರೆಯುವ ಹಕ್ಕು ಆ ಪಾತ್ರಕ್ಕಿದೆ. ನಮ್ಮ ಗುಂಪಿನಲ್ಲಿ ಮಠದ ಅಜ್ಜನ ಪಾತ್ರ ಮಾಡುವ ಗೆಳೆಯ ಬಹುವಚನದಲ್ಲಿ ಬರೆಯಲು ತೊಡಗಿದ ದಿನದಿಂದ ಉಳಿದ ಪಾತ್ರಗಳು ಅವನೆದುರು ತಾವಾಗಿಯೇ ದನಿ ತಗ್ಗಿಸಿದವು.

ಭರತನ ಸೂತ್ರ ಇಲ್ಲಿ ಹೇಗೆ ಹೊಂದುತ್ತದೆ

ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಸಂಯೋಗದಿಂದ ರಸ ಹುಟ್ಟುತ್ತದೆ ಎಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಭಾವವನ್ನು ಎಬ್ಬಿಸುವ ಕಾರಣ ವಿಭಾವ. ಎದ್ದ ಭಾವ ಮೈಯ ಮೇಲೆ ತೋರುವುದು ಅನುಭಾವ. ನಡುನಡುವೆ ಬಂದು ಹೋಗುವ ಶಂಕೆ, ಲಜ್ಜೆ, ಚಿಂತೆಗಳಂಥವು ವ್ಯಭಿಚಾರಿ ಭಾವಗಳು. ಎಮೋಟ್ ಎಂದರೆ ಅನುಭಾವವೇ. ವಿಭಾವವನ್ನು ಎದುರಿನ ಆಟಗಾರ ಈಗಾಗಲೇ ಕೊಟ್ಟಿರುತ್ತಾನೆ, ಮನಸ್ಸಿನಲ್ಲಿ ನೆಲೆನಿಂತಿರುವ ಮೂಲಭಾವ, ಅಂದರೆ ಸ್ಥಾಯಿಭಾವ, ಓದುವವರ ಎದೆಯಲ್ಲಿದೆ. ‘ದುಃಖದಿಂದ ಕೂತಿದ್ದಾನೆ’ ಎಂದು ಬರೆದವನು ಓದುವವರ ಪಾಲಿನ ಕೆಲಸವನ್ನು ಕಸಿದುಕೊಂಡು ತನ್ನ ಪಾಲಿನದನ್ನು ಮಾಡದೆ ಬಿಟ್ಟಂತಾಗುತ್ತದೆ.

ಇದರ ಜೊತೆಗೆ ಎಂಟು ಸಾತ್ತ್ವಿಕ ಭಾವಗಳನ್ನು ಕಂಠಪಾಠ ಮಾಡಿಟ್ಟುಕೊಳ್ಳಿ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮರಗಟ್ಟಿ ನಿಲ್ಲುವುದು, ಬೆವರುವುದು, ಮೈ ಜುಮ್ಮೆನ್ನುವುದು, ದನಿ ಬಿರಿಯುವುದು, ನಡುಗುವುದು, ಮುಖದ ಬಣ್ಣ ಇಳಿಯುವುದು, ಕಣ್ಣೀರು, ಎಚ್ಚರ ತಪ್ಪುವುದು. ಇವು ಮನುಷ್ಯನ ಹಿಡಿತಕ್ಕೆ ಸುಲಭವಾಗಿ ಸಿಗುವಂಥವಲ್ಲ, ಆಟದ ಪಟ್ಟಿಯಲ್ಲಿಯೂ ಹೆಚ್ಚಿನವು ಸಿಗುವುದಿಲ್ಲ. ಸುಳ್ಳು ಹೇಳುವ ಪಾತ್ರಕ್ಕೆ ಇವುಗಳಷ್ಟು ಬೇಕಾದದ್ದು ಮತ್ತೊಂದಿಲ್ಲ. ಕೈಕಾಲು ಸುಮ್ಮನಿವೆ, ಮಾತು ನೆಟ್ಟಗಿದೆ, ಆದರೆ ‘ಬಸಣ್ಣ ನಗುತ್ತಲೇ ಕುತ್ತಿಗೆಯ ಬೆವರನ್ನು ಅಂಗಿಯ ತೋಳಿನಿಂದ ಒರೆಸಿಕೊಳ್ಳುತ್ತಾನೆ’ ಎಂದರೆ ಎದುರಿನ ಪೊಲೀಸಿನ ಪಾತ್ರಕ್ಕೆ ಹಿಡಿಯಲು ಒಂದು ಎಳೆ ಸಿಕ್ಕಿತು. ಆ ಎಳೆಯನ್ನು ಹಿಡಿಯುವುದು ಬಿಡುವುದು ಅವರ ಇಷ್ಟ.

ದನದ ಸಂತೆಯಲ್ಲಿ ಕಂಡದ್ದು

ಅಂಗಭಾಷೆಯನ್ನು ತೆರೆಯ ಮೇಲೆ ಕಲಿಯುವುದಕ್ಕಿಂತ ಸಂತೆಯಲ್ಲಿ ಕಲಿಯುವುದು ಲೇಸು. ನಾನು ನಮ್ಮ ಕಾಕಾನ ಸಂಗಡ ಹಾವೇರಿಯ ದನದ ಸಂತೆಗೆ ಹೋದಾಗ ಒಂದು ಜೋಡಿ ಎತ್ತಿನ ವ್ಯಾಪಾರವನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದೆ. ದಲಾಲನು ಎತ್ತಿನ ಬಾಯಿ ತೆರೆದು ಹಲ್ಲು ನೋಡಿದ, ಬೆನ್ನು ತಟ್ಟಿದ, ನಾಲ್ಕು ಹೆಜ್ಜೆ ನಡೆಸಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಕೈಮೇಲೆ ಹೊದಿಸಿ, “ಕೈ ಕೊಡ್ರಿ ಯಜಮಾನ್ರ” ಅಂದ. ಬಟ್ಟೆಯ ಕೆಳಗೆ ಇಬ್ಬರೂ ಬೆರಳು ಹಿಡಿದು ದರ ಹೇಳುವ ಈ ಪದ್ಧತಿಯಲ್ಲಿ ಸುತ್ತ ನಿಂತವರಿಗೆ ಅಂಕಿ ಗೊತ್ತಾಗುವುದಿಲ್ಲ. ಕಾಣುವುದು ಎರಡು ಮುಖಗಳು ಮತ್ತು ಅಲುಗುವ ಬಟ್ಟೆ ಮಾತ್ರ.

ಎತ್ತಿನ ಒಡೆಯ ಮುದುಕ. ಅವರು ದಲಾಲನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಎತ್ತಿನ ಇಣಿಯ ಮೇಲೆಯೇ ಕಣ್ಣು ನೆಟ್ಟಿದ್ದರು. ಮೊದಲ ದರಕ್ಕೆ ಅವರ ಗೋಣು ಅಡ್ಡ ಆಡಿತು. ಎರಡನೆಯದಕ್ಕೆ “ಇಷ್ಟಕ್ಕ ಆಗಂಗಿಲ್ರಿ ಸಾಹುಕಾರ್ರ” ಎಂದು ಕೈ ಹಿಂದಕ್ಕೆ ಎಳೆದರು, ಆದರೆ ಪೂರ್ತಿ ಎಳೆದುಕೊಳ್ಳಲಿಲ್ಲ. ಟವೆಲ್ಲಿನ ಅಂಚಿನಲ್ಲಿಯೇ ಬೆರಳು ನಿಂತವು. ಆ ಅರ್ಧ ಎಳೆತವನ್ನು ದಲಾಲ ಓದಿದ. ಮೂರನೆಯ ಸಲ ಬಟ್ಟೆ ಅಲುಗಿ ನಿಂತಾಗ ಮುದುಕರು ನಗಲಿಲ್ಲ, ಹೂಂ ಅನ್ನಲಿಲ್ಲ. ಇನ್ನೊಂದು ಕೈಯಿಂದ ಎತ್ತಿನ ಗಂಗೆದೊಗಲನ್ನು ಮೇಲಿನಿಂದ ಕೆಳಗೆ ಒಮ್ಮೆ ನಿಧಾನವಾಗಿ ಸವರಿದರು. ವ್ಯಾಪಾರ ಮುಗಿದದ್ದು ನನಗೆ ಆಗ ತಿಳಿಯಿತು. ಹಗ್ಗ ಕೈಬದಲಾದದ್ದು ಆಮೇಲೆ.

ಈ ಒಂದು ನೋಟದಿಂದ, ಎತ್ತಿನ ಒಡೆಯನ ಪಾತ್ರಕ್ಕೆ ಫಕೀರಪ್ಪ ಎಂದು ಹೆಸರಿಟ್ಟು, ನಾನು ಬರೆದುಕೊಂಡ ಎಮೋಟ್‌ಗಳು ಎರಡು. ‘ಫಕೀರಪ್ಪ ಕೈಯನ್ನು ಅರ್ಧ ಎಳೆದುಕೊಂಡು, ಬೆರಳನ್ನು ಟವೆಲ್ಲಿನ ಅಂಚಿನಲ್ಲಿಯೇ ಬಿಡುತ್ತಾನೆ.’ ‘ಫಕೀರಪ್ಪ ಮಾತಾಡದೆ ಎತ್ತಿನ ಗಂಗೆದೊಗಲು ಸವರುತ್ತಾನೆ.’ ಎರಡರಲ್ಲಿಯೂ ಭಾವದ ಹೆಸರಿಲ್ಲ, ವಿಶೇಷಣವಿಲ್ಲ, ದೊಡ್ಡ ಚಲನೆಯಿಲ್ಲ. ಮೊದಲನೆಯದು ಎದುರಿನವರಿಗೆ ಇನ್ನೂ ಚೌಕಾಶಿಗೆ ದಾರಿ ಬಿಡುತ್ತದೆ, ಎರಡನೆಯದು ಆ ದಾರಿಯನ್ನು ಮುಚ್ಚುತ್ತದೆ.

1969ರಲ್ಲಿ ಪಾಲ್ ಎಕ್ಮನ್ ಮತ್ತು ವಾಲೇಸ್ ಫ್ರೀಸನ್ ಎಂಬ ಮನೋವಿಜ್ಞಾನಿಗಳು ದೇಹದ ಚಲನೆಗಳನ್ನು ಐದು ಗುಂಪು ಮಾಡಿದರು: ಮಾತಿನ ಬದಲಿಗೆ ಬಳಸುವ ಸಂಜ್ಞೆಗಳು, ಮಾತನ್ನು ಚಿತ್ರಿಸುವ ಕೈಚಲನೆಗಳು, ಮಾತಿನ ಸರದಿಯನ್ನು ನಿಯಂತ್ರಿಸುವ ನೋಟ ಮತ್ತು ತಲೆದೂಗುವಿಕೆ, ಭಾವ ತೋರುವ ಮುಖಚರ್ಯೆ, ಮತ್ತು ತನಗೆ ಅರಿವಿಲ್ಲದೆಯೇ ತನ್ನ ಮೈಯನ್ನೋ ಕೈಯಲ್ಲಿನ ವಸ್ತುವನ್ನೋ ಮುಟ್ಟಿ ಸವರುವ ಚಲನೆಗಳು. ಆಟದ ಪಟ್ಟಿಯಲ್ಲಿ ಹೆಚ್ಚಾಗಿ ಸಿಗುವುದು ಮೊದಲ ಗುಂಪು: ಸಲಾಮು, ಚಪ್ಪಾಳೆ, ಕೈಬೀಸು. ರೋಲ್‌ಪ್ಲೇಗೆ ಜೀವ ಕೊಡುವುದು ಕೊನೆಯ ಗುಂಪು. ಮೀಸೆ ತೀಡುವುದು, ಸೆರಗಿನ ಚುಂಗನ್ನು ಬೆರಳಿಗೆ ಸುತ್ತುವುದು, ಅಂಗೈಯಲ್ಲಿ ತಂಬಾಕು ಮತ್ತು ಸುಣ್ಣವನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕುತ್ತ ಇರುವುದು, ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಪ್ರತಿ ಪಾತ್ರಕ್ಕೂ ಇಂಥ ಒಂದೇ ಒಂದು ಚಲನೆಯನ್ನು ಗೊತ್ತುಮಾಡಿ, ಒತ್ತಡದ ಹೊತ್ತಿನಲ್ಲಿ ಮಾತ್ರ ಬಳಸಿರಿ. ನಾಲ್ಕು ವಾಕ್ಯಕ್ಕೊಮ್ಮೆ ಮೀಸೆ ತೀಡುವ ಪಾತ್ರದ ಮೀಸೆಗೆ ಅರ್ಥವೇ ಉಳಿಯುವುದಿಲ್ಲ.

ದೂರದ ವಿಷಯದಲ್ಲಿ ಒಂದು ಎಚ್ಚರಿಕೆ. ಎಡ್ವರ್ಡ್ ಹಾಲ್ ಅವರು 1966ರಲ್ಲಿ ವಿವರಿಸಿದ ಅಂತರಗಳು, ಅಂದರೆ ಸುಮಾರು 45 ಸೆಂಟಿಮೀಟರಿನೊಳಗೆ ಆಪ್ತರು, 1.2 ಮೀಟರಿನವರೆಗೆ ಪರಿಚಿತರು, 3.6 ಮೀಟರಿನವರೆಗೆ ವ್ಯವಹಾರದವರು ಎಂಬುದು, ಅಮೆರಿಕದ ಮಧ್ಯಮ ವರ್ಗದವರನ್ನು ನೋಡಿ ಹೇಳಿದ್ದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸಂಜೆಯ ಬಸ್ಸಿನಲ್ಲಿ ನಿಂತು ಬರುವವರ ನಡುವೆ ಒಂದು ಗೇಣೂ ಇರುವುದಿಲ್ಲ, ಆಪ್ತತೆಯೂ ಇರುವುದಿಲ್ಲ. ನಮ್ಮ ಪಾತ್ರಗಳಲ್ಲಿ ಅಂತರಕ್ಕಿಂತ ಎತ್ತರ ಹೆಚ್ಚು ಮಾತಾಡುತ್ತದೆ: ಯಾರು ಕಟ್ಟೆಯ ಮೇಲೆ, ಯಾರು ನೆಲದ ಮೇಲೆ, ಯಾರು ಬಂದಾಗ ಯಾರು ಎದ್ದರು.

ಎದುರಿನವರ ಮೈ ಎದುರಿನವರದು

‘ಬಸಣ್ಣ ಫಕೀರಪ್ಪನ ಕಪಾಳಕ್ಕೆ ಹೊಡೆದು ನೆಲಕ್ಕೆ ಕೆಡವುತ್ತಾನೆ’ ಎಂದು ಬರೆದರೆ ಫಕೀರಪ್ಪನನ್ನು ಆಡಿಸುವವರಿಗೆ ಮಾಡಲು ಏನೂ ಉಳಿಯಲಿಲ್ಲ. ಆಟಗಾರರು ಇದನ್ನು ಪವರ್‌ಗೇಮಿಂಗ್ ಎನ್ನುತ್ತಾರೆ, ಬಹಳಷ್ಟು ಸರ್ವರ್‌ಗಳಲ್ಲಿ ಇದಕ್ಕೆ ನಿಷೇಧವಿದೆ. ‘ಹೊಡೆಯಲು ಕೈ ಎತ್ತುತ್ತಾನೆ’ ಎಂದು ನಿಲ್ಲಿಸಿದರೆ ಮುಂದಿನದು ಅವರ ಪಾಲಿಗೆ ಬರುತ್ತದೆ. ಕನ್ನಡದಲ್ಲಿ ‘ಎದ್ದು, ಧೋತರ ಕೊಡವಿ, ಬಾಗಿಲಿಗೆ ಹೋಗಿ, ಚಿಲಕ ಹಾಕಿ’ ಎಂದು ಎಷ್ಟು ಕ್ರಿಯೆಗಳನ್ನಾದರೂ ಹೆಣೆಯಬಹುದು. ಅದೇ ಇಲ್ಲಿ ಅಪಾಯ. ಎದುರಿನ ಪಾತ್ರ ಬಾಗಿಲಿಗೆ ಅಡ್ಡ ನಿಲ್ಲಬಯಸಿದ್ದರೆ ಅಷ್ಟರಲ್ಲಿ ಚಿಲಕ ಬಿದ್ದಾಗಿರುತ್ತದೆ. ಒಂದು ಎಮೋಟ್‌ನಲ್ಲಿ ಎರಡು ಕ್ರಿಯೆಗಳಿಗಿಂತ ಹೆಚ್ಚು ಹೆಣೆಯಬಾರದೆಂದು ನಾವು ಕಟ್ಟುಮಾಡಿಕೊಂಡಿದ್ದೇವೆ. ಮನಸ್ಸಿನ ಮಾತನ್ನು ಎಮೋಟ್‌ನಲ್ಲಿ ಬರೆಯುವುದೂ ಸಲ್ಲದು. ‘ಇವನು ಕಳ್ಳನೆಂದು ಒಳಗೊಳಗೇ ಅಂದುಕೊಳ್ಳುತ್ತಾನೆ’ ಎಂಬುದನ್ನು ಯಾವ ಪಾತ್ರವೂ ನೋಡಲಾರದು, ಕೇಳಲಾರದು.

ಉದ್ದವನ್ನು ಹಿಡಿತದಲ್ಲಿಡಲು ತಾಂತ್ರಿಕ ಕಾರಣವೂ ಇದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಕಿ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ 4 ಸಂಕೇತ, ಅಂದರೆ 12 ಬೈಟ್. ಸಂದೇಶದ ಮಿತಿ 255 ಬೈಟ್ ಇರುವ ಕಡೆ ನಮಗೆ ಸಿಗುವುದು 85 ಸಂಕೇತಗಳು ಮಾತ್ರ. ಥಟ್ಟನೆ, ಗಕ್ಕನೆ, ಪಿಳಿಪಿಳಿ, ಗಡಗಡ ಮೊದಲಾದ ಅನುಕರಣಾವ್ಯಯಗಳು ಇಲ್ಲಿ ಕೈಹಿಡಿಯುತ್ತವೆ. ‘ಗಕ್ಕನೆ ನಿಲ್ಲುತ್ತಾಳೆ’ ಎಂಬ ಎರಡು ಪದಗಳು ಒಂದು ಸಾಲಿನ ವಿವರಣೆಯ ಕೆಲಸ ಮಾಡುತ್ತವೆ.

ಮುಂದಿನ ಭೇಟಿಗೆ ನಾವು ಇಟ್ಟುಕೊಂಡಿರುವ ಅಭ್ಯಾಸ ಇದು. ಧಾರವಾಡದ ಲೈನ್ ಬಜಾರಿನ ಒಂದು ಚಹಾದಂಗಡಿ, ಎರಡು ಪಾತ್ರಗಳು, ಇಬ್ಬರ ನಡುವೆ ತೀರದ ಒಂದು ಸಾಲ. ಸಾಲದ ಮಾತು ಬಾಯಿಂದ ಬರಬಾರದು. ಮಳೆ, ಪೈರು, ಮಕ್ಕಳ ಓದು ಇವುಗಳ ಮಾತಷ್ಟೇ ನಡೆಯಬೇಕು. ಎಮೋಟ್‌ಗಳಲ್ಲಿ ಒಂದೂ ಭಾವಪದ ಇರಕೂಡದು. ಹತ್ತು ನಿಮಿಷದ ನಂತರ, ನಾವು ಮೊದಲೇ ಏನನ್ನೂ ತಿಳಿಸಿರದ ಮೂರನೆಯ ಗೆಳೆಯ ಆ ಸಾಲುಗಳನ್ನು ಓದಿ, ಕೊಟ್ಟವರು ಯಾರು, ತೆಗೆದುಕೊಂಡವರು ಯಾರು, ಚಹಾದ ದುಡ್ಡು ಯಾರು ಕೊಟ್ಟರು ಎಂಬುದನ್ನು ಹೇಳಬೇಕು.